ಬಸಮ್ಮನವರ ಕಡಲೆ, ನನ್ನ ಹೆಬ್ಬಾತು

ಹಾಗಾಗಿ ಮಿತ್ರರೇ, ನಿನ್ನೆ ಹೇಳಿದ ಹೆಬ್ಬಾತುಗಳನ್ನು ನೋಡಲು ಇಂದು ಸಿಂಗಟಗೆರೆ ಕೆರೆಗೆ ಬಂದೇಬಿಟ್ಟೆ. ಯುಗಾದಿ ಹತ್ತಿರವಾಯಿತು, ತಡಮಾಡಿದರೆ ಅವು ಹಿಮಾಲಯದಾಚೆಗೆ ಹೊರಟುಬಿಡುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಬಾರ್ ಸಮ್‌ಥಿಂಗ್ ಗೂಸ್. ನಡುವಿನ ಪದ ಮರೆತಿದೆ, ಹಕ್ಕಿ ಮರೆತಿಲ್ಲ.

ದುರ್ಬೀನು ಕಣ್ಣಿಗೆ ಹಿಡಿದೆನೋ ಇಲ್ಲವೋ, ದಡದ ಹೊಲದೊಡತಿ ಬಸಮ್ಮ ಡಾಲ್ಡಾ ಡಬ್ಬ ಬಡಿಯತೊಡಗಿದರು.

"ಸೈಲೆನ್ಸ್ ಪ್ಲೀಸ್, ತಾಯಿ!" ಎಂದೆ.

"ಸುಮ್ಕಿದ್ರೆ ಕಡ್ಲೆ ಪೂರಾ ಮೇಯ್ತವೆ ಯಜಮಾನ್ರೇ. ನೀವ್ ತುಂಬ್ಕೊಡ್ತೀರಾ?"

ನಾನೂ ಬಿಡುವವನಲ್ಲ. "ಒಂದ್ಸಲ ಇದ್ರಲ್ಲಿ ನೋಡಿ. ಅಲ್ಲೀವರೆಗೆ ಹೊಲ ಕಾಯೋದು ನನ್ನ ಡ್ಯೂಟಿ" ಎಂದು ದುರ್ಬೀನು ಕೊಟ್ಟು ಡಬ್ಬ ಇಸಿದುಕೊಂಡೆ. ಹೆಂಡತಿ ತೀರಿಕೊಂಡ ಮೇಲೆ ಆ ದುರ್ಬೀನನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಇದೇ ಮೊದಲು.

"ಅಯ್ಯೋ ಶಿವನೇ, ತಲೆಗೆ ವಿಭೂತಿ ಬಳ್ಕೊಂಡು ಪಟ್ಟೆ ಎಳ್ಕೊಂಡಂಗೈತೆ!" ಎಂದರು ಬಸಮ್ಮ.

ಅಷ್ಟರಲ್ಲಿ ನಾಲ್ಕೈದು ಹಕ್ಕಿಗಳು ಕಡಲೆಗೆ ನುಗ್ಗಿದವು. ಮಾತು ಕೊಟ್ಟವನು ನಾನು, ಜೋರಾಗಿ ಬಡಿದೆ.

"ಯಾಕ್ರೀ ಬಡೀತೀರಾ? ಹಾರೋಗ್ತವೆ, ಸುಮ್ಕಿರ್ರೀ!" ಎಂದು ಬಸಮ್ಮ ನನ್ನನ್ನೇ ಗದರಿದರು.

ಈಗ ಕೆರೆ ಏರಿಯ ಮೇಲೆ ಕೂತು, ತೊಡೆಯ ಮೇಲೆ ಡಬ್ಬ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಸರಿಯಾಗಿ ಕಾಣುತ್ತಿಲ್ಲ, ಬೆಳಕು ಇಳಿಯುತ್ತಿದೆ. ದುರ್ಬೀನು ಇನ್ನೂ ಬಸಮ್ಮನವರ ಕಣ್ಣಿನ ಮೇಲೇ ಇದೆ.