ಶ್ಯಾಮಲಮ್ಮ ಅಕ್ಕನಿಗೆ ಅತ್ತದ್ದು

ಮುಳಬಾಗಿಲು ತಾಲ್ಲೂಕನ್ನೆಲ್ಲ ಜರಡಿ ಹಿಡಿದರೂ ನಮ್ಮ ತಾಯಲೂರಿನ ಶ್ಯಾಮಲಮ್ಮನಷ್ಟು ಬಾಯಿರುವ ಹೆಂಗಸು ಇನ್ನೊಬ್ಬಳು ಸಿಗುವುದಿಲ್ಲ. ತೆಲುಗಾಗಲಿ ಕನ್ನಡವಾಗಲಿ, ಆಕೆಗೆ ಹೇಳಲು ಬಾರದ ಮಾತೇ ಇಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. ಮಂಡಿಯಲ್ಲಿ ಆಕೆ ದಲ್ಲಾಳಿಯನ್ನು ಕನ್ನಡದಲ್ಲಿ ವಿಚಾರಿಸಿಕೊಂಡರೆ ಬುಟ್ಟಿಯಲ್ಲಿರುವ ಟೊಮೇಟೊ ಕಾಯಿ ಹೆದರಿ ಹಣ್ಣಾಗುತ್ತದೆ. ಮನೆಯಲ್ಲಿ ತೆಲುಗಿನಲ್ಲಿ ಮುದ್ದು ಮಾಡಿದರೆ ಬತ್ತಿದ ಎಮ್ಮೆ ಬಿಂದಿಗೆ ತುಂಬಿಸುತ್ತದೆ.

ಇಂಥ ಶ್ಯಾಮಲಮ್ಮನ ಅಕ್ಕ ಆದಿಲಕ್ಷ್ಮಿ ಕಳೆದ ಮಾಘದಲ್ಲಿ ದೇವರಾಯಸಮುದ್ರದ ತನ್ನ ಮನೆಯಲ್ಲಿ ತೀರಿಕೊಂಡಳು. ಅಕ್ಕತಂಗಿಯರು ಹುಟ್ಟಿದ್ದು ತೆಲುಗಿನ ಮನೆಯಲ್ಲಿ. ಅವರ ಜಗಳ, ಗುಟ್ಟು, ನಗು ಎಲ್ಲ ತೆಲುಗಿನಲ್ಲೇ ನಡೆದದ್ದು. ಹೆಣ ಎತ್ತುವ ಮೊದಲು ತಂಗಿಯಾದವಳು ತಲೆಯ ಹತ್ತಿರ ಕೂತು, ಹೇಳದೆ ಉಳಿದದ್ದನ್ನೆಲ್ಲ ರಾಗವಾಗಿ ಹೇಳಿ ಕಳುಹಿಸಬೇಕು. ಅದೇ ಕೊನೆಯ ಮಾತು, ಆಮೇಲೆ ಕೇಳುವವರಿರುವುದಿಲ್ಲ.

ಆಕೆ "ಅಕ್ಕಯ್ಯಾ, ನನ್ನಿಡಿಸಿ ಪೋತಿವಾ" ಎಂದು, ನನ್ನ ಬಿಟ್ಟುಹೋದೆಯಾ ಎಂದು, ರಾಗ ಎತ್ತಿಕೊಂಡಳೋ ಇಲ್ಲವೋ, ಸತ್ತವಳ ಮಗ ಮುರಳೀಕೃಷ್ಣ ಬಗ್ಗಿ ಭುಜ ಮುಟ್ಟಿದ. ಅವನು ನರಸಾಪುರದ ಯಾವುದೋ ಕಂಪನಿಯಲ್ಲಿ ಸೂಪರ್‌ವೈಸರ್. ಅಲ್ಲಿನ ಸಾಹೇಬರಿಬ್ಬರು ಹಾರ ಹಿಡಿದು ಬಂದು ಶಾಮಿಯಾನದಲ್ಲಿ ಕೂತಿದ್ದರು. ಹುಟ್ಟಿದಾಗಿನಿಂದ ಪಿನ್ನಮ್ಮ ಎಂದು ಕರೆದವನು ಅಂದು ಚಿಕ್ಕಮ್ಮ ಎಂದ.

"ಚಿಕ್ಕಮ್ಮ, ಸ್ವಲ್ಪ ಕನ್ನಡದಲ್ಲಿ ಅಳು. ಸಾಹೇಬ್ರು ಮೈಸೂರು ಕಡೆಯೋರು. ಏನೂ ತಿಳಿಯಲ್ಲ ಪಾಪ, ಸುಮ್ನೆ ಕೂತವ್ರೆ."

ನೋಡಿ ಸ್ವಾಮಿ ಇದರ ಅಂದವನ್ನು. ತಾಯಿ ಸತ್ತಿದ್ದಾಳೆ, ಮಗನಿಗೆ ಕುರ್ಚಿಯಲ್ಲಿ ಕೂತವರಿಗೆ ಬೇಜಾರಾದೀತೆಂಬ ಚಿಂತೆ. ನಾಳೆ ಹೆಣಕ್ಕೂ ಯೂನಿಫಾರ್ಮ್ ಹಾಕಿಸಿಯಾರು.

ಕನ್ನಡಕ್ಕೆ ಅಳು ಬಾರದೆಂದಲ್ಲ. ಪಕ್ಕದ ಮನೆ ಎಲ್ಲಮ್ಮ ಕನ್ನಡದಲ್ಲಿ ಅತ್ತರೆ ಬೇಸಿಗೆಯಲ್ಲೂ ಕೆರೆ ಕೋಡಿ ಹರಿಯುತ್ತದೆ. ಆದರೆ ಶ್ಯಾಮಲಮ್ಮನ ಕನ್ನಡ ಬೆಳೆದದ್ದು ಮಂಡಿಯಲ್ಲಿ, ತಾಲ್ಲೂಕು ಕಚೇರಿಯ ಕಿಟಕಿ ಮುಂದೆ. ಅದಕ್ಕೆ ನ್ಯಾಯ ಕೇಳಿ ಅಭ್ಯಾಸ. ಆದರೂ ಹೆಣದ ಮುಂದೆ ರಂಪ ಬೇಡವೆಂದು ಆಕೆ ಪ್ರಯತ್ನಪಟ್ಟಳು.

"ಅಕ್ಕ, ಹೊರಟ್ಹೋದ್ಯಾ? ಯಾರನ್ನ ಕೇಳಿ ಹೋದೆ?" ಎಂದಳು. ರಾಗ ಹತ್ತಲಿಲ್ಲ, ದನಿ ಮಾತ್ರ ಏರಿತು. "ವಾರದಿಂದ ಜ್ವರ ಅಂತಿದ್ದೆ. ಆಸ್ಪತ್ರೆಗೆ ಕರ್ಕೊಂಡ್ಹೋಗೋಕೆ ನಿನ್ನ ಮಗನಿಗೆ ಪುರಸೊತ್ತಿಲ್ಲ, ಶಿಫ್ಟಂತೆ. ಯಾರು ಹಾಕಿದ್ದು ಆ ಶಿಫ್ಟು? ಇಲ್ಲೇ ಕೂತವ್ರಲ್ಲ, ಹೇಳ್ಲಿ."

ಒಬ್ಬ ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. ಇನ್ನೊಬ್ಬರು ಶಾಮಿಯಾನದ ಹೂವುಗಳನ್ನು ಎಣಿಸತೊಡಗಿದರು. ಇಬ್ಬರಿಗೂ ಕನ್ನಡ ಚೆನ್ನಾಗಿ ತಿಳಿದಿತ್ತು.

ಶ್ಯಾಮಲಮ್ಮನ ಕಣ್ಣಿಂದ ಮಾತ್ರ ಒಂದು ಹನಿಯೂ ಇಳಿಯಲಿಲ್ಲ. ಆ ಬಾಯಿ ಸುಮ್ಮನಾದದ್ದನ್ನು ಕಂಡು ತಮಟೆಯವರೂ ಕೈ ತಡೆದರು.

"ಎತ್ತೋಣವಾ?" ಎಂದ ಚಟ್ಟ ಕಟ್ಟಿದ ಆಂಜಿನಪ್ಪ.

ಆಕೆ ಚಟ್ಟದ ಬಿದಿರನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಯಾರೂ ಮುಟ್ಬೇಡಿ. ನಾನಿನ್ನೂ ನಮ್ಮಕ್ಕನ್ನ ಮಾತಾಡ್ಸೇ ಇಲ್ಲ."

ಹಾಗೆಂದವಳೇ ತೆಲುಗಿಗೆ ಹೊರಳಿದಳು. ಆ ರಾಗದಲ್ಲಿ ಸತ್ತವಳು ಅಕ್ಕನಾಗಿ ಉಳಿಯಲಿಲ್ಲ. ತಾಯಿಯಾದಳು, ಮಗುವಾದಳು, ಬಂಗಾರವಾದಳು. ಇದ್ದ ಒಂದೇ ಒಳ್ಳೆಯ ರವಿಕೆಯನ್ನು ಸರದಿಯಲ್ಲಿ ತೊಟ್ಟು ಮದುವೆಗಳಿಗೆ ಹೋದದ್ದು ಬಂತು. ಹುಣಸೆಕಾಯಿ ಕದ್ದು ತಿಂದವಳು ತಾನು, ಏಟು ತಿಂದವಳು ಅಕ್ಕ ಎಂಬುದೂ ಬಂತು. ಆಂಜಿನಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

ಮುರಳೀಕೃಷ್ಣ ಮತ್ತೆ ಬಗ್ಗಿದ. "ಚಿಕ್ಕಮ್ಮ, ಸಾಕು. ಸಾಹೇಬ್ರಿಗೆ ಒಂದಕ್ಷರ ಅರ್ಥ ಆಗ್ತಿಲ್ಲ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸತ್ತಿರೋದು ನಮ್ಮಕ್ಕ ಕಣೋ. ನಿಮ್ಮ ಸಾಹೇಬ್ರು ಸತ್ತ ದಿನ ಹೇಳಿ ಕಳ್ಸು, ಕನ್ನಡದಲ್ಲೇ ಅಳ್ತೀನಿ."