ಪುಡಿ ಬೆರೆಸದ ನಾಲ್ಕು ಬಾಗಿಲು

ಹೊಸದುರ್ಗದ ಅಂಚಿನಲ್ಲಿರುವ ನಿರಂಜನ್‌ನ ಫೈಬರ್ ಬಾಗಿಲಿನ ಶೆಡ್ಡಿನಲ್ಲಿ ಕಾಳಕ್ಕ ಹದಿನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಅಚ್ಚಿನ ಮೇಲೆ ಗಾಜಿನ ನಾರಿನ ಹಾಳೆ ಹಾಸಿ, ಅಂಟಿನಂಥ ರೆಸಿನ್ ದ್ರವ ಸುರಿದು, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯುವುದು ಅವಳ ಕೆಲಸ. ಗಂಡ ಕರಿಯಣ್ಣ ಕುರಿ ಹೊಡೆದುಕೊಂಡು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಆ ಕೇಳುವಿಕೆ ಅವಳಿಗೆ ಊಟದಷ್ಟೇ ಬೇಕಾಗಿತ್ತು.

ಹೋದ ವರ್ಷ ಯಲ್ಲದಕೆರೆಯ ಸುಮಾ ಬಂದಳು. ಡಿಪ್ಲೊಮಾ ಓದಿದ್ದ ಹುಡುಗಿ. ಬರೀ ರೆಸಿನ್ ಬೆಂಕಿ ಕಂಡರೆ ಧಗ್ಗನೆ ಹತ್ತಿಕೊಳ್ಳುತ್ತದೆ, ಬೆಂಕಿ ತಡೆಯುವ ಬಿಳಿ ಪುಡಿ ಬೆರೆಸಲೇಬೇಕು ಎಂದು ಹಟ ಹಿಡಿದಳು. ಪುಡಿ ಬಿದ್ದರೆ ರೆಸಿನ್ ಗಟ್ಟಿಯಾಗಿ, ರೋಲರ್ ಎಳೆಯುವಷ್ಟರಲ್ಲಿ ಕಾಳಕ್ಕನ ರಟ್ಟೆ ಬಿದ್ದುಹೋಗುತ್ತಿತ್ತು. ಆರೇ ತಿಂಗಳಿಗೆ ನಿರಂಜನ್, "ಇನ್ಮೇಲೆ ಸುಮಾ ಹೇಳ್ದಂಗೆ ಮಾಡ್ರಿ ಕಾಳಕ್ಕ" ಎಂದ. ಅಂದಿನಿಂದ ಸುಮಾಳ ಇಸ್ತ್ರಿ ಮಾಡಿದ ಚೂಡಿದಾರ ಕಂಡರೂ ಕಾಳಕ್ಕನ ಹೊಟ್ಟೆ ಉರಿಯುತ್ತಿತ್ತು. ಅವಳು "ಅಕ್ಕಾ" ಎಂದರೂ ಅಣಕಿಸಿದಂತೆ ಕೇಳುತ್ತಿತ್ತು.

ಹಿರಿಯೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದಕ್ಕೆ ಇಪ್ಪತ್ತು ಬಾಗಿಲು ಹೋಗಬೇಕಿತ್ತು. ಒಂದು ದಿನ ಸುಮಾ ಪುಡಿ ತೂಗಿಟ್ಟು ಚಿತ್ರದುರ್ಗಕ್ಕೆ ಹೋದಳು. ಕಾಳಕ್ಕ ಆ ಪುಡಿಯನ್ನು ವಾಪಸ್ ಚೀಲಕ್ಕೆ ಸುರಿದಳು. ಪುಡಿ ಇಲ್ಲದೆಯೇ ನಾಲ್ಕು ಬಾಗಿಲು ಎಳೆದಳು.

ಆಯಾ ದಿನದ ರೆಸಿನ್ನಿನಿಂದಲೇ ಒಂದು ಪರೀಕ್ಷೆ ತುಂಡು ಎರೆದು ತಾರೀಖು ಬರೆದಿಡುವುದು ಸುಮಾ ತಂದ ಪದ್ಧತಿ; ಅವಳಿಲ್ಲದ ದಿನ ಶೆಡ್ಡಿನ ಹುಡುಗರು ಎರೆದಿಡುತ್ತಿದ್ದರು. ತುಂಡುಗಳು ಪೂರ್ತಿ ಗಟ್ಟಿಯಾಗುವವರೆಗೆ ಕಾದು, ಬಾಗಿಲು ಹಾಸ್ಟೆಲ್ಲಿನಲ್ಲಿ ಕೂತ ಮೇಲೆ ಸುಮಾ ಒಂದೊಂದೇ ತುಂಡನ್ನು ಗ್ಯಾಸ್ ಉರಿಗೆ ಹಿಡಿದಳು. ಉರಿ ಸರಿಸಿದೊಡನೆ ಮಿಕ್ಕವು ಆರಿದವು. ಅವಳು ಚಿತ್ರದುರ್ಗಕ್ಕೆ ಹೋಗಿದ್ದ ದಿನದ ತುಂಡು ಮಾತ್ರ ಆರಲಿಲ್ಲ. ಕರಿ ಹೊಗೆ ಉಗುಳುತ್ತಾ, ಹಿಡಿದ ಇಕ್ಕಳದವರೆಗೂ ಉರಿ ಏರಿತು.

"ಇದೇನಾ ನಿನ್ನ ಓದು?" ಎಂದು ನಿರಂಜನ್ ಸುಮಾಳ ಮೇಲೆ ರೇಗಿದ. ಕಾಳಕ್ಕನ ಎದೆ ಒಂದು ಗಳಿಗೆ ತಣ್ಣಗಾಯಿತು.

ಸುಮಾ ಅಳಲಿಲ್ಲ. "ಇಪ್ಪತ್ತೂ ಬಿಚ್ಚಿಸಾಣ ಸಾರ್. ಆವತ್ತು ಎಳೆದದ್ದು ನಾಲ್ಕು, ಯಾವ ನಾಲ್ಕು ಅಂತ ಗೊತ್ತಿಲ್ಲ. ಒಳಗೆ ಹೆಣ್ಮಕ್ಳು ಮಲಗ್ತಾವೆ" ಎಂದಳು.

"ಹೋಗ್ಲಿ ಬಿಡು. ಬಾಗಿಲಿಗೆ ಯಾರು ಬೆಂಕಿ ಇಕ್ತಾರೆ?" ಎಂದ ನಿರಂಜನ್.

ನೆಲದ ಮೇಲೆ ತುಂಡು ಇನ್ನೂ ಉರಿಯುತ್ತಿತ್ತು. ಕಾಳಕ್ಕ ಅದರ ಮೇಲೆ ಮರಳು ಸುರಿದಳು. "ಪುಡಿ ಹಾಕ್ದೇ ಇದ್ದೋಳು ನಾನು. ಇವಳ ಮೇಲಿನ ಹೊಟ್ಟೆಕಿಚ್ಚಿಗೆ. ಪುಡಿ ಇಲ್ದಿರೋವು ಹಗುರ ಇರ್ತವೆ, ಎತ್ತಿದ್ರೆ ನಂಗೆ ಗೊತ್ತಾಗ್ತೈತೆ. ಗಾಡಿ ತರ್ಸ್ರಿ, ಹೋಗಾಣ."

ಹಾಸ್ಟೆಲ್ಲಿನಲ್ಲಿ ತಿರುಪು ಬಿಚ್ಚಿ ಒಂದೊಂದೇ ಬಾಗಿಲು ಎತ್ತಿ ನೋಡಿ, ನಾಲ್ಕನ್ನು ಗೋಡೆಗೆ ಒರಗಿಸಿದಳು. ಸುಮಾ ಅವುಗಳ ಮೂಲೆ ಕತ್ತರಿಸಿ ಸುಟ್ಟು ನೋಡಿದಳು. ನಾಲ್ಕೂ ಹತ್ತಿಕೊಂಡವು. ವಾರ್ಡನ್ ಮಲ್ಲಕ್ಕ ಸುಮಾಳ ಕೈ ಹಿಡಿದು, "ನೀನು ನೋಡ್ದೆ ಹೋಗಿದ್ರೆ ನಮ್ಮ ಹೆಣ್ಮಕ್ಳ ಗತಿ ಏನಮ್ಮ?" ಎಂದಳು. ಬಾಗಿಲು ಹೊತ್ತು ಬೆವರುತ್ತಿದ್ದ ಕಾಳಕ್ಕನಿಗೆ ಮತ್ತೆ ಚುರುಕ್ಕೆಂದಿತು.

ನಿರಂಜನ್ ಕಾಳಕ್ಕನನ್ನು ಕೆಲಸದಿಂದ ತೆಗೆಯಲು ಹೊರಟ. ಸುಮಾ ತಡೆದಳು: "ಇರ್ಲಿ ಸಾರ್. ಆ ಕೈ ಬೇರೆ ಯಾರಿಗೂ ಇಲ್ಲ. ಪುಡಿ ಮಾತ್ರ ನಾನೇ ಹಾಕ್ತೀನಿ."

ಬೈದು ಕಳಿಸಿದ್ದರೆ ಕಾಳಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಸುಮಾಳಿಂದಲೇ ತನ್ನ ಕೆಲಸ ಉಳಿಯಿತಲ್ಲ ಎಂಬುದು ಇನ್ನೂ ಹೆಚ್ಚು ಸುಟ್ಟಿತು. ಆದರೂ ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಸುಮಾಳ ಮುಖ ನೋಡದೆಯೇ ರೆಸಿನ್ ಬಕೆಟ್ಟನ್ನು ಅವಳ ಮುಂದಕ್ಕೆ ತಳ್ಳಿದಳು.