ಸಾವಿರದ ರಾಜ್ಯ

ತಪ್ಪು ಕಂಡರೆ ತಿದ್ದದೆ ಇರಲಾಗದ ರೋಗ ನನಗಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಿಗೆ ಇದು ಪಿಂಚಣಿಯ ಜೊತೆಗೇ ಮಂಜೂರಾಗುತ್ತದೋ ಏನೋ. ಮದುವೆ ಕಾರ್ಡು ಬಂದರೆ ನಾನು ಮೊದಲು ನೋಡುವುದು ಒತ್ತಕ್ಷರಗಳನ್ನು, ಆಮೇಲೆ ವಧೂವರರನ್ನು. ಸ್ಟೇಶನ್ ಬಜಾರದ ಖಾನಾವಳಿಯ ಬೋರ್ಡಿನಲ್ಲಿ 'ಶುದ್ದ ಸಸ್ಯಹಾರಿ' ಎಂದಿದ್ದರೆ ಅಲ್ಲಿಯ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೆಂಡತಿ ಸುಶೀಲಾ ಇದ್ದಾಗ ಮನೆಗೆ ಬಂದು ಅವಳ ಮುಂದೆ ಇದನ್ನೆಲ್ಲ ಹೇಳಿ ಹಗುರಾಗುತ್ತಿದ್ದೆ. ಅವಳು ಕೇಳಿದ ಹಾಗೆ ಮಾಡಿ ತಟ್ಟೆ ಹಾಕುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಈಗ ಮನೆಯಲ್ಲಿ ನಾನು ಮತ್ತು ಊರಿನ ತಪ್ಪುಗಳು, ಇಷ್ಟೇ.

ಈ ರೋಗದಿಂದ ನಾನು ಅಕ್ಕನನ್ನೂ ಕಳೆದುಕೊಂಡೆ. ಅವಳಿರುವುದು ಕಮಲಾಪುರದಲ್ಲಿ, ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಊರೆಲ್ಲ ನನ್ನನ್ನು 'ಮಾಸ್ತರ' ಎನ್ನುತ್ತದೆ. ಅರವತ್ತನಾಲ್ಕರ ಈ ಮುದುಕನನ್ನು 'ಸಣ್ಯಾ' ಎಂದು ಕರೆಯುವ ಜೀವ ಭೂಮಿಯ ಮೇಲೆ ಉಳಿದಿರುವುದು ಅದೊಂದೇ. ಅಂಥವಳ ಜೊತೆ ಒಂದು ವರ್ಷ ಮಾತಿರಲಿಲ್ಲ. ಜಗಳ ಹೊಲದ್ದಲ್ಲ, ಮನೆಯದ್ದಲ್ಲ. ಇನ್ನೂ ಬಾರದಿರುವ ಸಾವಿರ ವರ್ಷಗಳದ್ದು.

ನಾವು ಕ್ರೈಸ್ತರು. ಕ್ರಿಸ್ತನು ಸಾವಿರ ವರ್ಷ ಆಳುವನೆಂದು ನಮ್ಮ ಪವಿತ್ರ ಗ್ರಂಥದ ಕಡೆಯ ಹಾಳೆಗಳಲ್ಲಿ ಇದೆ. ಅದನ್ನು ನಮ್ಮ ಜನ 'ಸಾವಿರದ ರಾಜ್ಯ' ಎನ್ನುತ್ತಾರೆ. ಇದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ, ಯಾವಾಗ ಮತ್ತು ಹೇಗೆ ಎಂಬಲ್ಲಿಗೆ ಬಂದರೆ ಮೂರು ಜನ ಮೂರು ದಿಕ್ಕು. ದೊಡ್ಡ ದೊಡ್ಡ ಪಂಡಿತರು ಇದರ ಮೇಲೆ ಕಪಾಟುಗಟ್ಟಲೆ ಬರೆದಿದ್ದಾರೆ. ನನಗೆ ಮಾತ್ರ ಇದು ಅರ್ಥವಾದದ್ದು ನಮ್ಮ ಮನೆಯ ಹತ್ತಿರದ ಐವಾನ್-ಎ-ಶಾಹಿ ಅತಿಥಿಗೃಹದಿಂದ. ಅಲ್ಲಿಗೆ ದೊಡ್ಡವರು ಬರುವುದು ಮೂರು ಬಗೆ. ಒಮ್ಮೊಮ್ಮೆ ಮೊದಲು ಡಾಂಬರು ಬೀಳುತ್ತದೆ, ಕಸ ಹೋಗುತ್ತದೆ, ಎಲ್ಲ ಲಕಲಕ ಎಂದ ಮೇಲೆ ಸಾಹೇಬರ ಕಾರು ಬರುತ್ತದೆ. ನನ್ನ ಗೆಳೆಯ ದೇವದಾನಪ್ಪನ ಮತ ಇದೇ: ಲೋಕ ಮೆಲ್ಲಗೆ ಸುಧಾರಿಸುತ್ತದೆ, ಒಳ್ಳೆಯ ಕಾಲ ತುಂಬುತ್ತದೆ, ಆಮೇಲೆ ಕರ್ತನು ಬರುತ್ತಾನೆ. ಅವನು ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದವನು, ಬೇರೆ ಹೇಗೆ ಯೋಚಿಸಿಯಾನು? ಒಮ್ಮೊಮ್ಮೆ ಸಾಹೇಬರು ಹೇಳದೆ ಕೇಳದೆ ಬಂದು ಇಳಿಯುತ್ತಾರೆ, ಎಲ್ಲರನ್ನೂ ಝಾಡಿಸುತ್ತಾರೆ, ರಸ್ತೆ ಆಮೇಲೆ ಸರಿಯಾಗುತ್ತದೆ. ಇದು ಅಕ್ಕನ ಮತ: ಲೋಕ ಕೆಡುತ್ತಲೇ ಹೋಗುತ್ತದೆ, ಆತನೇ ಮೊದಲು ಬರಬೇಕು, ಬಂದು ಇದೇ ಭೂಮಿಯ ಮೇಲೆ ಸಾವಿರ ವರ್ಷ ಆಳಬೇಕು. ಮೂರನೆಯದು ನನ್ನದು. ಸಾಹೇಬರು ಆಗಲೇ ಒಳಗೆ ಇದ್ದಾರೆ, ಹೊರಗಿನ ನಮಗೆ ತಿಳಿದಿಲ್ಲ, ಅಷ್ಟೆ. ರಾಜ್ಯ ಈಗಲೇ ನಡೆದಿದೆ, ಸಾವಿರ ಎಂದರೆ ಎಣಿಸುವ ಸಾವಿರವಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಸುಳ್ಳನ್ನು ಯಾರಾದರೂ ಎಣಿಸುತ್ತಾರೆಯೇ?

ಸುಶೀಲಾ ಹೋಗಿ ವರ್ಷ ತುಂಬಿದಾಗ ಅಕ್ಕ ತನ್ನ ಮನೆಯಲ್ಲಿ ನೆನಪಿನ ಪ್ರಾರ್ಥನೆ ಇಟ್ಟಿದ್ದಳು. ಸಭಾಪಾಲಕರಿದ್ದರು, ಓಣಿಯ ಹತ್ತಿಪ್ಪತ್ತು ಮಂದಿ ಇದ್ದರು. ಅಕ್ಕ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಬೆರಳಿಟ್ಟು, ಪದ ಮುರಿದು ಮುರಿದು ಓದುತ್ತಾಳೆ. ಆ ದಿನ ಕಣ್ಣು ಮುಚ್ಚಿ, "ಕರ್ತನೇ, ಸಾವು ಇರದ ರಾಜ್ಯದಾಗ ನಮ್ಮ ಸಣ್ಯಾನ್ನ, ಸುಶೀಲಾನ್ನ ಮತ್ತ ಕೂಡಸಪ್ಪಾ" ಎಂದಳು. ಎಲ್ಲರೂ ಆಮೆನ್ ಎಂದರು. ನಾನು ಅನ್ನಲಿಲ್ಲ. ಚಹಾ ಬರುತ್ತಲೇ ಪಾಠ ಶುರು ಮಾಡಿದೆ. ಅದು ಸಾವಿರ, ಸಂಖ್ಯೆ. 'ಸಾವು ಇರದ' ಅಲ್ಲ. ನಿನ್ನ ಮತದ ಪ್ರಕಾರವೇ ಹೋದರೂ ಸಾವು ಸಾಯುವುದು ಸಾವಿರ ವರ್ಷ ಮುಗಿದ ಮೇಲೆ. ಅಷ್ಟಕ್ಕೂ ಆ ಸಾವಿರ ಸಾವಿರವೇ ಅಲ್ಲ.

ಅಕ್ಕ ಚಹಾದ ಕಪ್ಪು ಕೆಳಗಿಟ್ಟಳು. "ನಿನ್ನ ಹೇಣ್ತಿ ಸತ್ತಾಳೋ, ಇಲ್ಲಾ ಇಲ್ಲಿ ಪರೀಕ್ಷಾ ನಡದದೋ?" ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ನಾನೂ ಹಟ ಹಿಡಿದೆ. ಸರಿಯಾದದ್ದನ್ನು ಹೇಳಿದವನು ಯಾಕೆ ಸೋಲಬೇಕು? ಆದರೆ ಸರಿಯನ್ನು ಕಟ್ಟಿಕೊಂಡು ಒಬ್ಬನೇ ಉಣ್ಣುವುದು ಎಷ್ಟು ಕಷ್ಟವೆಂದು ತಿಂಗಳುಗಳು ಕಳೆದಂತೆ ತಿಳಿಯಿತು. ಸಂಜೆ ಕೋಟೆಯ ಕಡೆ ತಿರುಗಾಡಿ ಬಂದು ಬೀಗ ತೆಗೆದರೆ, ಬೆಳಿಗ್ಗೆ ನಾನಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ನನ್ನ ಮತದಲ್ಲಿ ಎಲ್ಲದಕ್ಕೂ ಅರ್ಥವಿತ್ತು, ಸುಶೀಲಾ ಸಿಗುವ ಜಾಗವೊಂದು ಮಾತ್ರ ನನಗೆ ಅದರಲ್ಲಿ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಮಹಬೂಬ್ ಸಾಹೇಬರಿಗೆ ಒಂದು ದಿನ ಜಗಳದ ಕಥೆ ಹೇಳಿದೆ. ಅವರು ಗಡ್ಡ ನೀವಿಕೊಂಡು, "ನಮ್ಮಾಗೂ ಈಸಾ, ಅಂದ್ರ ನಿಮ್ಮ ಕ್ರಿಸ್ತ, ತಿರುಗಿ ಬರ್ತಾರ ಅಂತ ಅದರೀ ಮಾಸ್ತರ. ಅವರು ಬರೂತನಕ ನೀವು ಕಮಲಾಪುರಕ್ಕ ಹೋಗಲಾರದ ಕುಂದರಬ್ಯಾಡ್ರಿ" ಎಂದರು.

ಹೋಗುವುದಾದರೆ ಅವಳಿಗೆ ಸರಿಯಾಗಿ ತಿಳಿಸಿ ಹೇಳೋಣವೆಂದು, ನನ್ನ ರೋಗ ನೋಡಿ, ಹಾಳೆಯ ಮೇಲೆ ಆ ಪದ ಬಿಡಿಸಿ ಬರೆದೆ. ಬರೆದವನು ಹಾಗೇ ಕೂತುಬಿಟ್ಟೆ. ಸಾವು, ಇರದ. ಎರಡೂ ಕೂಡಿದರೆ ನಡುವಿನ 'ಉ' ಲೋಪವಾಗಿ 'ಸಾವಿರದ' ಆಗುತ್ತದೆ. ಚೊಕ್ಕ ಲೋಪಸಂಧಿ. ಊರು ಅಲ್ಲಿ ಊರಲ್ಲಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನಿಗೆ ಇದು ಕಾಣಲಿಲ್ಲವೇ! ಅಕ್ಕನ ಓದಿನಲ್ಲಿ ವ್ಯಾಕರಣದ ತಪ್ಪು ಏನೇನೂ ಇರಲಿಲ್ಲ. ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಬರಿಗೈಯಲ್ಲಿ ಹೇಗೆ ಹೋಗುವುದೆಂದು ಬಜಾರದಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹತ್ತಿದೆ. ಅಕ್ಕ ಬಾಗಿಲು ತೆರೆದು ಮೊದಲು ಚೀಲ ನೋಡಿದಳು, ಆಮೇಲೆ ನನ್ನನ್ನು.

"ಕಮಲಾಪುರಕ್ಕ ಬಾಳಿಹಣ್ಣು ತಂದೀಯೇನೋ ಸಣ್ಯಾ?"

ಕೆಂಪು ಬಾಳೆ ಬೆಳೆಯುವ ಊರಿಗೇ ಕೆಂಪು ಬಾಳೆ ಹೊತ್ತು ತಂದಿದ್ದೆ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಅಳು ಬಂತು. ನೀನು ಓದಿದ್ದು ಸರಿ ಅಕ್ಕಾ, ನಾನೇ ತಪ್ಪು ಎಂದೆ. ಸಂಧಿ ಬಿಡಿಸಿ ಹೇಳಲು ಹೊರಟವನನ್ನು ಅವಳು ಕೈ ಎತ್ತಿ ತಡೆದಳು.

"ನನಗ ಸಾವಿರ ವರ್ಷ ತಗೊಂಡು ಏನ್ ಮಾಡೋದದ? ನಿಮ್ಮ ಮಾಮಾ ಅವತ್ತು ಅವಸರದಾಗ ಉಣ್ಣಲಾರದ ಹೋದ್ರು. ಹೊಳ್ಳಿ ಬರಲಿಲ್ಲ. ಒಂದಿನ ಬಂದು ಉಂಡು ಹೋದ್ರ ಸಾಕು ನನಗ."

ಮಾಮಾ ಎಂದರೆ ಅವಳ ಗಂಡ; ಅಕ್ಕ ವಿಧವೆಯಾದದ್ದು ಇಪ್ಪತ್ತೆರಡಕ್ಕೆ. ಐವತ್ತೊಂದು ವರ್ಷ ಅವಳು ಕಾದದ್ದು ಯಾವ ರಾಜ್ಯವನ್ನೂ ಅಲ್ಲ, ಒಂದು ಹೊತ್ತಿನ ಊಟವನ್ನು. ಅವಳು ಬಡಿಸಿದ ರೊಟ್ಟಿ, ಪುಂಡಿಪಲ್ಯ ಸುಮ್ಮನೆ ಉಂಡೆ. ಇಬ್ಬರೂ ಸುಶೀಲಾಳ ಮಾತಾಡಿದೆವು. ಮೂರನೆಯ ರೊಟ್ಟಿಯನ್ನು ಬೇಡವೆಂದರೂ ಹಾಕಿದಳು.

ಬಸ್ಸಿಗೆ ಹೊರಟಾಗ ಹೊಸ್ತಿಲ ತನಕ ಬಂದು ನಿಂತು ಕೇಳಿದಳು:

"ಮತ್ತ ಯಾವಾಗ ಬರ್ತೀ?"

ಬರುವವನ ಬಗ್ಗೆ ಆಯುಷ್ಯವಿಡೀ ವಾದ ಮಾಡಿದ್ದೇನೆ. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದೆಂದು ಶಾಸ್ತ್ರ ಹೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ನಾನು ಬರುವುದನ್ನೂ ಒಬ್ಬರು ಕಾಯುತ್ತಾರೆಂಬುದು ಮಾತ್ರ ನನಗೆ ಹೊಳೆದಿರಲೇ ಇಲ್ಲ.

"ಐತವಾರ," ಎಂದೆ. "ಮಧ್ಯಾಹ್ನ ಒಂದು ಗಂಟೆಕ್ಕ."

"ಹಂಗಾರ ಉಣ್ಣಲಾರದ ಬಾ," ಎಂದಳು ಅಕ್ಕ.